ಮೂರು ದಿನದ ರಜವೂ ಒಂದು ಪ್ರಶ್ನೆಯೂ

ಕಳೆದ ತಿಂಗಳು ಉಪ್ಪಿನಕಾಯಿಯ ಭರಣಿಗಳ ವಿಚಾರವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದುದನ್ನು ಈ ಸಂಚಿಕೆಯಲ್ಲಿ ಪೂರೈಸುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತಿಗೆ ಈಗ ತಪ್ಪುತ್ತಿದ್ದೇವೆ, ಗೃಹಿಣಿಯರು ಕ್ಷಮಿಸಬೇಕು. ಉಪ್ಪಿನಕಾಯಿ ಇನ್ನೊಂದು ತಿಂಗಳು ಕಾದರೆ ಕೆಡುವ ಪದಾರ್ಥವಲ್ಲ. ಒಂಬತ್ತು ವರ್ಷದ ಬಾಲಿಕೆಯೊಬ್ಬಳು ಕೇಳಿದ ಪ್ರಶ್ನೆ ಹಾಗಲ್ಲ. ಅದಕ್ಕೆ ದಸರೆಯ ರಜದೊಳಗಾಗಿ ಉತ್ತರವನ್ನು ಸಿದ್ಧಪಡಿಸಬೇಕಾಗಿದೆ.

ನಮ್ಮ ವಾಸ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಎಂಬುದನ್ನು ಹಳೆಯ ವಾಚಕರು ಬಲ್ಲರು. ಮಗಳೂ ಅಳಿಯಂದಿರೂ ಮೈಸೂರಿನಲ್ಲಿದ್ದಾರೆ. 2025ನೆಯ ಇಸವಿ ಆಗಸ್ಟ್ 15 ಶುಕ್ರವಾರ ಸ್ವಾತಂತ್ರ್ಯೋತ್ಸವ, 16 ಶನಿವಾರ ಗೋಕುಲಾಷ್ಟಮಿ, 17 ಭಾನುವಾರ. ಹೀಗೆ ಮೂರು ರಜಗಳು ಒಂದರ ಬೆನ್ನಿಗೊಂದು ಬಂದು ನಿಂತಾಗ, “ಅಪ್ಪಾ, ಈ ಸಲ ನೆಪ ಹೇಳಕೂಡದು” ಎಂದು ಮಗಳು ದೂರವಾಣಿಯಲ್ಲಿ ಗದರಿಸಿದಳು. ನೆಪ ಹೇಳಲು ನಮಗೀಗ ಶಾಲೆಯೂ ಇಲ್ಲ. ಎಣಿಸಿ ಎಣಿಸಿ ಅನುಭವಿಸುತ್ತಿದ್ದ ರಜವು, ದಿನವೂ ರಜವೇ ಆದಮೇಲೆ ರುಚಿಗೆಡುತ್ತದೆ. ಇತರರ ರಜದಲ್ಲಿ ಪಾಲು ಪಡೆಯುವುದೊಂದೇ ನಿವೃತ್ತನಾದ ಮೇಷ್ಟರಿಗೆ ಉಳಿದಿರುವ ದಾರಿ. ಆದುದರಿಂದ ಗುರುವಾರವೇ ನಾವೂ ನಮ್ಮ ಮನೆಯವರೂ ಎರಡು ಚೀಲಗಳೊಡನೆ ಬಸ್ಸು ಹತ್ತಿ, ಹಿರಿಯೂರು, ಹುಳಿಯಾರು, ನಾಗಮಂಗಲದ ಮಾರ್ಗವಾಗಿ ಮೈಸೂರನ್ನು ಸೇರಿದೆವು. ಒಂದು ಚೀಲದಲ್ಲಿ ಬಟ್ಟೆ; ಇನ್ನೊಂದರಲ್ಲಿ ರಾಗಿಹಿಟ್ಟು, ಬೆಲ್ಲ, ನಮ್ಮ ಹೊಲದ ಶೇಂಗಾ. ಎರಡನೆಯದೇ ಭಾರವಾಗಿತ್ತು.

ಶುಕ್ರವಾರದ ಪೂರ್ವಾಹ್ಣವನ್ನು ದೂರದರ್ಶನದ ಪೆಟ್ಟಿಗೆಗೆ ಒಪ್ಪಿಸಿದೆವು. ಕೆಂಪುಕೋಟೆಯ ಧ್ವಜಾರೋಹಣವಾಯಿತು. ಪ್ರಧಾನಮಂತ್ರಿಗಳ ಭಾಷಣ 103 ನಿಮಿಷ ನಡೆಯಿತು. ಅಷ್ಟು ಹೊತ್ತೂ ಕುಳಿತಲ್ಲಿಂದ ಅಲುಗದೆ ಇದ್ದವರು ಆ ಮನೆಯಲ್ಲಿ ನಾವೊಬ್ಬರೇ. ಮಧ್ಯಾಹ್ನದ ಮೇಲೆ ಪೆಟ್ಟಿಗೆ ನಮ್ಮ ಮನೆಯವರ ವಶವಾಯಿತು. ನಮ್ಮೂರಿನಲ್ಲಿ ವಿದ್ಯುತ್ತು ಹೋಗಿ ಬಂದು ಮಾಡುವುದರಿಂದ ಅವರು ನೋಡುವ ಧಾರಾವಾಹಿಯಲ್ಲಿ ಕೆಲವು ಪಾತ್ರಗಳ ಮರಣ ಅವರಿಗೆ ತಿಳಿಯದೆಯೇ ಹೋಗಿತ್ತು. ಮಗಳು ಅವನ್ನೆಲ್ಲ ಒಂದೊಂದಾಗಿ ವಿವರಿಸಿದಳು. ತಾಯಿ ಒಂದೊಂದಕ್ಕೂ ತಕ್ಕಷ್ಟು ಶೋಕಿಸಿದರು.

ಮೈಸೂರಿನವರಿಗೆ ಈ ವಿಷಯದಲ್ಲಿ ಒಂದು ಜಂಬ ಸಲ್ಲುತ್ತದೆ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಗಳು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದರು. ಆ ಕೇಂದ್ರಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. ಚಿತ್ರವನ್ನೂ ತೋರಿಸುವ ಯಂತ್ರದ ಕೇಂದ್ರ ಬೆಂಗಳೂರಿಗೆ ಬಂದುದು 1981ರ ನವೆಂಬರಿನಲ್ಲಿ. ಅದಕ್ಕೆ ‘ದೂರದರ್ಶನ’ವೆಂದು ಹೆಸರಿಟ್ಟವರು ಶಬ್ದವನ್ನು ತೂಗಿಯೇ ಇಟ್ಟಿರಬೇಕು, ಹತ್ತಿರದ ವಸ್ತುವನ್ನು ತೋರಿಸುವೆನೆಂದು ಆ ಯಂತ್ರ ಎಲ್ಲಿಯೂ ಪ್ರತಿಜ್ಞೆ ಮಾಡಿಲ್ಲ.

ಶನಿವಾರ ಬೆಳಗ್ಗೆ ಗೊಂದಲವುಂಟಾಯಿತು. ಗೋಕುಲಾಷ್ಟಮಿಯ ಚಕ್ಕುಲಿಗೆ ಹಿಟ್ಟು ಕಲಸುತ್ತಿದ್ದ ಅಜ್ಜಿಯ ಬಳಿಗೆ ಮೊಮ್ಮಗಳು ಬಂದು, ತಾನು ಈ ದಿನ ಕೃಷ್ಣನಿಗೆ ಕೇಕು ಮಾಡುವೆನೆಂದು ಸಾರಿದಳು. ಹುಟ್ಟುಹಬ್ಬಕ್ಕೆ ಕೇಕು ಮಾಡುವುದು ಲೋಕರೂಢಿ, ಈ ದಿನ ಕೃಷ್ಣನ ಹುಟ್ಟುಹಬ್ಬ, ಆದುದರಿಂದ ಕೇಕು ಎಂಬುದು ಅವಳ ವಾದ. ತರ್ಕಶಾಸ್ತ್ರವನ್ನು ಓದಿದ ನಮಗೆ ಇದರಲ್ಲಿ ಹೇತ್ವಾಭಾಸವೊಂದೂ ಕಾಣಲಿಲ್ಲ. ಮಗಳು ಮಾತ್ರ ತಾಯಿಯ ಮುಖವನ್ನು ನೋಡಿದಳು. ನಮ್ಮ ಮನೆಯವರು ಕೈಯ ಹಿಟ್ಟನ್ನು ಒರಸಿಕೊಂಡು, “ಮೊಟ್ಟೆ ಬೇಡ. ಬೆಣ್ಣೆ ಇದೆ, ಬೆಲ್ಲ ಇದೆ, ಮೊಸರಿದೆ. ಅವನಿಗೆ ಬೇಕಾದ್ದು ಇನ್ನೇನು?” ಎಂದರು. ತೀರ್ಪಾಯಿತು.

ಈ ಸಂದರ್ಭದಲ್ಲಿ ನಾವೂ ಒಂದು ಮಾತನ್ನು ಸೇರಿಸಿದೆವು. ಅಡುಗೆಮನೆಯಲ್ಲಿ ಯಾರೂ ಕಿವಿಗೊಡಲಿಲ್ಲವಾದುದರಿಂದ ವಾಚಕರಿಗೆ ಹೇಳುತ್ತೇವೆ. ಹಿಟ್ಟನ್ನು ಮೇಲೂ ಕೆಳಗೂ ಶಾಖ ಕೊಟ್ಟು ಬೇಯಿಸುವ ವಿದ್ಯೆ ಪರದೇಶದಿಂದ ಬಂದುದೆಂದು ತಿಳಿಯುವುದು ತಪ್ಪು. ವೈದಿಕರ ಪುರೋಡಾಶವೆಂಬುದು ಏನು? ಅಕ್ಕಿಯ ಇಲ್ಲವೆ ಯವದ ಹಿಟ್ಟನ್ನು ಮುದ್ದೆ ಮಾಡಿ, ಕಾದ ಮಡಕೆಚೂರುಗಳ ಮೇಲಿಟ್ಟು, ಮೇಲೆ ಕೆಂಡಬೂದಿಯನ್ನು ಮುಚ್ಚಿ ಬೇಯಿಸಿದ ರೊಟ್ಟಿ. ಅಗ್ನಿಗಾದರೆ ಎಂಟು ಕಪಾಲಗಳು, ಅಗ್ನೀಷೋಮರಿಗಾದರೆ ಹನ್ನೊಂದು. ಬೆಂದ ಪುರೋಡಾಶ ಆಮೆಯ ಬೆನ್ನಿನಂತೆ ಉಬ್ಬಿರಬೇಕು. ಅದಕ್ಕೆ ಬೇಕಾದ ಧಾನ್ಯವನ್ನು ಕುಟ್ಟುವಾಗ ಒರಳಿನ ಕೆಳಗೆ ಹಾಸುವುದು ಕೃಷ್ಣಾಜಿನ, ಎಂದರೆ ನಮ್ಮ ಕಡೆಯವರು ಚಿಗರೆಯೆನ್ನುವ ಕೃಷ್ಣಮೃಗದ ತೊಗಲು.

ಬರಿಯ ರಾಗಿ ಅಂಟುವುದಿಲ್ಲ, ಕೇಕು ಪುಡಿಪುಡಿಯಾಗುವುದೆಂದು ಅಜ್ಜಿ ಅರ್ಧಕ್ಕೆ ಗೋಧಿಹಿಟ್ಟನ್ನು ಬೆರೆಸಿದರು. ಕರಗಿಸಿ ಶೋಧಿಸಿದ ಬೆಲ್ಲ, ಬೆಣ್ಣೆ, ಹುಳಿಮೊಸರು, ಒಂದು ಚಮಚ ಅಡುಗೆಸೋಡ. ಮೊಸರಿನ ಹುಳಿ ಸೋಡವನ್ನು ಮುಟ್ಟಿದೊಡನೆಯೇ ಗಾಳಿಗುಳ್ಳೆ ಏಳತೊಡಗುತ್ತದೆ. ಆಮೇಲೆ ತಡಮಾಡದೆ ಒಲೆಗೆ ಇಡಬೇಕು. ಅಳಿಯಂದಿರು ವಿದ್ಯುತ್ತಿನ ಒಲೆಯನ್ನು 180 ಡಿಗ್ರಿಗೆ ಕಾಯಿಸಿಟ್ಟಿದ್ದರು. ಮೇಲೆ ನಮ್ಮ ಹೊಲದ ಶೇಂಗಾವನ್ನು ಚಕ್ರಾಕಾರವಾಗಿ ಜೋಡಿಸಿ, ತಟ್ಟೆಯನ್ನು ಒಳಗಿಟ್ಟು, ಬಾಲಿಕೆ ಗಾಜಿನ ಬಾಗಿಲ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಹದಿನೈದು ನಿಮಿಷವಾಗುವಷ್ಟರಲ್ಲಿ ಹಿಟ್ಟು ಉಬ್ಬಿ ತಟ್ಟೆಯ ಅಂಚಿಗೆ ಬಂದಿತು. ಆ ಸಂಭ್ರಮವನ್ನು ಗಾಜಿನ ಮೂಲಕ ನೋಡಿ ತೃಪ್ತಿಯಾಗದೆ, ನಮಗೂ ತೋರಿಸಬೇಕೆಂದು ಬಾಗಿಲನ್ನು ತೆರೆದಳು. ಒಳಗಿನ ಬಿಸಿ ಹೊರಗೆ ಬಂದಿತು, ಹೊರಗಿನ ತಣ್ಣನೆಯ ಗಾಳಿ ಒಳಗೆ ಹೋಯಿತು. ಇನ್ನೂ ಗಟ್ಟಿಯಾಗದಿದ್ದ ಹಿಟ್ಟು ನಮ್ಮೆಲ್ಲರ ಕಣ್ಣೆದುರಿಗೇ ನಡುವೆ ಕುಸಿಯಿತು. ಅವಳ ತುಟಿ ನಡುಗಿತು. ಆಮೆಯೇನೋ ಆಗಿದೆ, ಅಂಗಾತ ಮಲಗಿದೆ ಅಷ್ಟೆ, ಎಂದು ನಾವು ಸಮಾಧಾನ ಹೇಳಿದೆವು. ಅಜ್ಜಿ ಮಾತನಾಡದೆ, ಬೆಂದ ಮೇಲೆ ಆ ಗುಳಿಯ ತುಂಬ ಹೊಸ ಬೆಣ್ಣೆಯನ್ನು ಇಟ್ಟು ದೇವರ ಮುಂದೆ ಇಟ್ಟರು. ಗುಳಿಯಿಲ್ಲದಿದ್ದರೆ ಬೆಣ್ಣೆ ನಿಲ್ಲುತ್ತಲೇ ಇರಲಿಲ್ಲವೆಂದು ಮೊಮ್ಮಗಳು ಸಂಜೆಯೊಳಗಾಗಿ ತಾನೇ ಎಲ್ಲರಿಗೂ ಹೇಳಿಕೊಂಡು ಬಂದಳು.

ಆ ರಾತ್ರಿ ಮಗು ಮಲಗಿದ ಮೇಲೆ ಮಗಳು ನಮ್ಮ ಬಳಿ ಬಂದು ಕುಳಿತು ಮೆಲ್ಲನೆ ಹೇಳಿದಳು: “ಅಪ್ಪಾ, ಇನ್ನು ಶಾಲೆಯೂ ಇಲ್ಲ. ಆ ಬಯಲಿನಲ್ಲಿ ನಿಮ್ಮಿಬ್ಬರನ್ನು ನೋಡಿಕೊಳ್ಳುವವರು ಯಾರು? ಇಲ್ಲಿಯೇ ಇದ್ದುಬಿಡಿ. ಮೇಲಿನ ಕೋಣೆ ಖಾಲಿ ಇದೆ.” ಕೋಣೆಯನ್ನು ನಾವು ನೋಡಿದ್ದೆವು. ಗಾಳಿ ಬೆಳಕು ಚೆನ್ನಾಗಿವೆ. ಕಿಟಕಿಗೆ ಎದುರುಮನೆಯ ಗೋಡೆ ಕಾಣುತ್ತದೆ. ನೋಡೋಣವೆಂದೆವು. ನಮ್ಮ ಮನೆಯವರು ಏನನ್ನೂ ಹೇಳಲಿಲ್ಲ.

ಭಾನುವಾರ ಮೃಗಾಲಯಕ್ಕೆ ಹೊರಟೆವು. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದ ಈ ಸಂಸ್ಥೆ ಚಾಮರಾಜೇಂದ್ರ ಮೃಗಾಲಯವೆಂದು ಅವರ ಹೆಸರನ್ನೇ ಹೊತ್ತಿದೆ. ರಜದ ದಿನವಾದುದರಿಂದ ಜನಸಂದಣಿ ಅಪಾರ. ಜಿರಾಫೆಗಳನ್ನೂ, 2021ರಲ್ಲಿ ಜರ್ಮನಿಯಿಂದ ಬಂದ ಥಾಬೋ, ಡೆಂಬಾ ಎಂಬ ಗೊರಿಲ್ಲಾಗಳನ್ನೂ ನೋಡುವವರ ತಲೆಗಳನ್ನು ನೋಡಿಕೊಂಡು ಮುಂದೆ ನಡೆದೆವು. ನಮ್ಮ ಕಾಲು ತಾನಾಗಿಯೇ ಬೇರೊಂದು ಕಡೆಗೆ ಎಳೆಯುತ್ತಿತ್ತು.

ಅದಕ್ಕೆ ಕಾರಣವಿದೆ. ನಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1984ರ ಸುಮಾರಿಗೆ, ನಾವು ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ಯಾರ್ಥಿಗಳಾಗಿದ್ದೆವು. ಇಪ್ಪತ್ತು ಅಂಗುಲ ಮಳೆ ಬಿದ್ದರೆ ಪುಣ್ಯವೆನ್ನುವ ಸೀಮೆಯಿಂದ ಬಂದವರಿಗೆ ಈ ಊರಿನ ಹಸುರು, ಈ ಊರಿನ ನಯವಾದ ಮಾತು, ಎರಡೂ ಉಸಿರು ಕಟ್ಟಿಸುತ್ತಿದ್ದುವು. ತಿಂಗಳಿಗೊಂದು ಸಲ ಉಳಿಸಿದ ಕಾಸಿನಲ್ಲಿ ಚೀಟಿ ಕೊಂಡು ಮೃಗಾಲಯದೊಳಕ್ಕೆ ಹೋಗಿ, ಹುಲಿಸಿಂಹಗಳನ್ನು ಕಣ್ಣೆತ್ತಿಯೂ ನೋಡದೆ, ನೇರವಾಗಿ ಚಿಗರೆಗಳ ಮುಂದೆ ಹೋಗಿ ನಿಲ್ಲುತ್ತಿದ್ದೆವು. ಊರಿನಲ್ಲಿ ಬೆಳಗ್ಗೆ ಬಾಗಿಲು ತೆರೆದರೆ ಕಾವಲಿನ ಹುಲ್ಲಿನಲ್ಲಿ ಬಿಟ್ಟಿಯಾಗಿ ಕಾಣುತ್ತಿದ್ದ ಪ್ರಾಣಿಯನ್ನು ದುಡ್ಡು ಕೊಟ್ಟು ನೋಡುವ ಹುಚ್ಚನ್ನು ಸಹಪಾಠಿಗಳಿಗೆ ತಿಳಿಸುವ ಧೈರ್ಯವಾಗಲಿಲ್ಲ.

ಈಗಲೂ ಅವು ಅಲ್ಲಿದ್ದುವು. ಗಂಡು ಎಳೆಯದಾಗಿದ್ದಾಗ ಹೆಣ್ಣಿನಂತೆಯೇ ಕಂದು. ವಯಸ್ಸಾದಂತೆ ಬೆನ್ನು ಕಪ್ಪೇರುತ್ತದೆ, ಹೊಟ್ಟೆ ಬೆಳ್ಳಗೇ ಉಳಿಯುತ್ತದೆ, ಕೊಂಬು ಸುರುಳಿಗಟ್ಟುತ್ತದೆ. ಶಾಕುಂತಲದ ಮೊದಲಂಕದಲ್ಲಿ ದುಷ್ಯಂತನು ಅಟ್ಟಿಸಿಕೊಂಡು ಬರುವುದೂ ಇದನ್ನೇ, ಕೃಷ್ಣಸಾರವನ್ನೇ. ಕಾಡಿನ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ಅದರ ರಕ್ಷಣೆಯೆಲ್ಲ ದೂರದವರೆಗೆ ಕಾಣುವ ಕಣ್ಣಿನಲ್ಲಿಯೂ ಓಡುವ ಕಾಲಿನಲ್ಲಿಯೂ ಇದೆ. ಆ ಕಾಲಿಗೆ ಸಮನಾಗಿ ಓಡುತ್ತಿದ್ದುದು ಸಿವಂಗಿಯೊಂದೇ. ಜನ ಈಗ ಚೀತಾ ಎನ್ನುತ್ತಾರೆ. ಅದೂ ನಮ್ಮ ಸಂಸ್ಕೃತದ ‘ಚಿತ್ರಕ’ವೇ. ಅದರ ವಂಶ ದೇಶದಲ್ಲಿ ನಶಿಸಿತೆಂದು 1952ರಲ್ಲಿ ಸಾರಿದರು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯದಿಂದ ಎಂಟನ್ನು ತಂದು ಮಧ್ಯಪ್ರದೇಶದ ಕೂನೋದಲ್ಲಿ ಇರಿಸಿದರು. ಇವನ್ನೆಲ್ಲ ನಾವು ಮೊಮ್ಮಗಳಿಗೆ ವಿವರಿಸಿ, “ಇದು ನಮ್ಮೂರಿನ ಚಿಗರೆ ಪುಟ್ಟಿ, ನಮ್ಮ ಕಾವಲಿನಲ್ಲಿಯೂ ಇದೆ” ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆವು.

ಅವಳು ಕಂದಕದ ಆಚೆಗಿದ್ದ ಹಿಂಡನ್ನೂ, ಹುಲ್ಲು ಹಾಕುತ್ತಿದ್ದ ಕಾವಲುಗಾರನನ್ನೂ ನೋಡಿ ಕೇಳಿದಳು: “ಅಲ್ಲಿ ಅದನ್ನು ಯಾರು ಸಾಕಿದ್ದಾರೆ ತಾತ?”

“ಯಾರೂ ಸಾಕಿಲ್ಲ.”

“ಮತ್ತೆ ಊಟ?”

“ಅದೇ ಮೇಯುತ್ತದೆ.”

“ಓಡಿಹೋದರೆ?”

“ಎಲ್ಲಿಗೆ ಓಡಿಹೋಗಬೇಕು ಮಗು, ಅದರ ಊರೇ ಅದು.”

ಅವಳಿಗೆ ನಂಬಿಕೆಯಾಗಲಿಲ್ಲ. ಯಾರದೂ ಅಲ್ಲದ, ಯಾರೂ ಬಾಗಿಲು ಹಾಕದ ಪ್ರಾಣಿಯನ್ನು ಅವಳು ಬೀದಿಯ ನಾಯಿಗಳಲ್ಲಿ ಮಾತ್ರವೇ ಕಂಡಿದ್ದಳು. ಕೊನೆಗೆ, “ದಸರಾ ರಜಕ್ಕೆ ಬರುತ್ತೇನೆ, ತೋರಿಸಬೇಕು” ಎಂದು ಕೈಮೇಲೆ ಕೈಯಿಡಿಸಿ ಭಾಷೆ ತೆಗೆದುಕೊಂಡಳು. ಭಾಷೆ ಕೊಟ್ಟ ಕ್ಷಣದಲ್ಲಿಯೇ ನಮ್ಮೆದೆ ತುಸು ನಡುಗಿತು. ಚಿಗರೆಯನ್ನು ನಾವು ಕಣ್ಣಾರೆ ಕಂಡು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಹೋಗಿ, ವರ್ಷದಲ್ಲಿ ಲೆಕ್ಕ ಹಾಕಬೇಕಾಯಿತು.

ವಾಚಕರಿಗೆ ಕಾವಲಿನ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ಮೈಸೂರಿನ ಅರಸರು ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳಿಗೆ ಕಾವಲ್ ಎಂದು ಹೆಸರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದಿದ್ದ ಇಲಾಖೆಯನ್ನು ಟಿಪ್ಪೂಸುಲ್ತಾನನು ಅಮೃತ್ ಮಹಲ್ ಎಂದು ಕರೆದನು. ಫಿರಂಗಿಗಳನ್ನೆಳೆದು ಯುದ್ಧಕ್ಕೆ ಹೋದ ಹೋರಿಗಳು ಆ ತಳಿಯವು. ದನಗಳಿಗಾಗಿ ಕಾದ ಹುಲ್ಲಿನಲ್ಲಿ ಚಿಗರೆಯೂ ಬದುಕಿತು, ಕುರಿಗಳೂ ಮೇದುವು, ಆ ಕುರಿಗಳ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿಯೂ ಆಯಿತು. ಈ ಶತಮಾನದ ಮೊದಲ ದಶಕ ಮುಗಿಯುವ ಸುಮಾರಿಗೆ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ಸಾವಿರಾರು ಎಕರೆ ನೆಲವನ್ನು ದೇಶದ ವಿಜ್ಞಾನಸಂಸ್ಥೆಗಳಿಗೆ ಕೊಡಲಾಯಿತು. 2017ರ ಮೇ ತಿಂಗಳಿನಲ್ಲಿ ವಿಮಾನಗಳ ಪರೀಕ್ಷಾಕ್ಷೇತ್ರ ಆರಂಭವಾಯಿತು. ಗೋಡೆಗಳು ಬಂದುವು. ದೇಶಕ್ಕೆ ಬೇಕಾದುದು ದೇಶದಲ್ಲಿ ಎಲ್ಲಿಯಾದರೂ ಆಗಲೇಬೇಕು. ಕುರಿ ಕಾಯುವವನು ಎಲ್ಲಿ ಹೋಗಬೇಕೆಂಬುದು ಸಹ ಕೇಳಲೇಬೇಕಾದ ಪ್ರಶ್ನೆ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಇರುವುದು ನಮಗೆ ಅಭ್ಯಾಸವಾಗಿದೆ.

ಭಾನುವಾರ ಸಂಜೆ ಮತ್ತೆ ಪೆಟ್ಟಿಗೆಯ ಮುಂದೆ ಸೇರಿದೆವು. ಅಂತರಿಕ್ಷದ ನಿಲ್ದಾಣದಲ್ಲಿ ಇದ್ದು ಬಂದ ಶುಭಾಂಶು ಶುಕ್ಲರು ಆ ದಿನವೇ ದೆಹಲಿಗೆ ಬಂದಿಳಿದಿದ್ದರು. ಅದೇ ವಾರ್ತೆ ಮತ್ತೆ ಮತ್ತೆ ಬರುತ್ತಿತ್ತು. ಮಗುವಿನ ಉತ್ಸಾಹವನ್ನು ಕಂಡು ಅಳಿಯಂದಿರು, “ತಾತನ ಊರಿನಲ್ಲಿಯೂ ಒಂದು ಇಳಿದಿದೆ, ನೋಡು” ಎಂದು, 2024ರ ಜೂನ್ 23ರ ಚಿತ್ರವನ್ನು ಹುಡುಕಿ ತೋರಿಸಿದರು. ಮರಳಿ ಬಳಸಬಹುದಾದ ರಾಕೆಟ್ಟಿಗಾಗಿ ಇಸ್ರೋದವರು ಮಾಡಿದ ‘ಪುಷ್ಪಕ’ವೆಂಬ ರೆಕ್ಕೆಯ ವಾಹನವದು. ಹೆಲಿಕಾಪ್ಟರು ಅದನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟುಬಿಟ್ಟಿತು. ಚಾಲಕನಿಲ್ಲದ ಆ ವಾಹನ ತಾನೇ ದಾರಿಯನ್ನು ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲವನ್ನು ಮುಟ್ಟಿ, ಹಿಂದೆ ಕೊಡೆಯನ್ನು ಬಿಚ್ಚಿ ನಿಂತಿತು. ಆ ಬೆಳಗ್ಗೆ ನಮ್ಮ ಅಂಗಳದಲ್ಲಿ ನಿಂತು ಎಲ್ಲಿಂದಲೋ ಬಂದ ಗುಡುಗುಡು ಸದ್ದನ್ನು ಮಾತ್ರ ಕೇಳಿದ್ದೆವು. ಎಲ್ಲರೂ ವಾಹನವನ್ನು ನೋಡಿ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಆದರೆ ನಿಜವನ್ನು ಹೇಳಬೇಕಾದರೆ, ನಮ್ಮ ಕಣ್ಣು ಓಡುದಾರಿಯ ಅಂಚಿನ ಹುಲ್ಲಿನಲ್ಲಿತ್ತು. ಎಲ್ಲಿಯಾದರೂ ಒಂದು ಕಪ್ಪು ಬೆನ್ನು ಕಾಣಬಹುದೇ ಎಂದು ಇನ್ನೊಂದು ಸಲ ಹಾಕಿಸಿ ನೋಡಿದೆವು. ಕಾಣಲಿಲ್ಲ.

ಸೋಮವಾರ ಬಸ್ಸಿನಲ್ಲಿ ಹಿಂದಿರುಗುವಾಗ, ಪಾಠಶಾಲೆಯಲ್ಲಿ ತೂಕಡಿಸುತ್ತ ಕೇಳಿದ ಒಂದು ಪಾಠ ನಾಲ್ವತ್ತು ವರ್ಷಗಳ ಮೇಲೆ ಎಚ್ಚತ್ತು ನಮ್ಮ ಪಕ್ಕದಲ್ಲಿ ಕುಳಿತಿತು. ಎಂತಹ ನೆಲ ಯಜ್ಞಕ್ಕೆ ಯೋಗ್ಯ ಎಂಬುದಕ್ಕೆ ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಒಂದು ಲಕ್ಷಣವನ್ನು ಹೇಳಿದೆ: ಕೃಷ್ಣಸಾರವು ಸ್ವಭಾವದಿಂದ ಸಂಚರಿಸುವ ನೆಲ. ಆ ‘ಸ್ವಭಾವದಿಂದ’ ಎಂಬ ಶಬ್ದವೇಕೆಂದು ಕೇಳಿಕೊಂಡು ಟೀಕಾಕಾರನಾದ ಕುಲ್ಲೂಕಭಟ್ಟನು ಬಿಡಿಸಿ ಹೇಳುತ್ತಾನೆ: ತಾನಾಗಿ ವಾಸಿಸಬೇಕು, ಬಲಾತ್ಕಾರದಿಂದ ತಂದು ಇರಿಸಿದುದಾಗಿರಬಾರದು. ಆ ಸ್ಮೃತಿಯಲ್ಲಿ ನಾವು ಒಪ್ಪದ ಮಾತುಗಳು ಬೇಕಾದಷ್ಟಿವೆ; ಈ ಟೀಕೆಯ ಸಾಲೊಂದು ಮಾತ್ರ ನಮ್ಮ ಮೊಮ್ಮಗಳ ಪ್ರಶ್ನೆಗೆ ಎಂದೋ ಬರೆದಿಟ್ಟ ಉತ್ತರದಂತಿತ್ತು. ಯಾರೂ ಸಾಕದೆ ಇರುವುದೇ ಅದರ ಲಕ್ಷಣ.

ಊರಿಗೆ ಬಂದ ಮರುದಿನದಿಂದ ನಸುಕಿನಲ್ಲಿಯೇ ಎದ್ದು ಕಾವಲಿನ ಕಡೆಗೆ ಹೋಗತೊಡಗಿದೆವು. ಮೊದಲ ದಿನ ನರಿ; ಎರಡನೆಯ ದಿನ ಏನೂ ಇಲ್ಲ. ಮೂರನೆಯ ದಿನ ಕುರಿ ಹೊಡೆದುಕೊಂಡು ಬರುತ್ತಿದ್ದ ನಮ್ಮ ಹಳೆಯ ಶಿಷ್ಯನೊಬ್ಬನು ಸಿಕ್ಕಿದನು. ವಿಷಯವನ್ನು ಕೇಳಿ, “ಅವು ಗೋಡೆ ಆಚೆ ಅದಾವೆ ಮೇಷ್ಟ್ರೇ. ಒಳಗೆ ಹುಲ್ಲೈತೆ, ನಾಯಿ ಕಾಟ ಇಲ್ಲ, ದನಕರ ಇಲ್ಲ. ಆರಾಮಾಗವೆ. ದಾರಿ ತಪ್ಪಿರೋದು ನಮಗೇ” ಎಂದು ನಕ್ಕನು. ನಾವು ಗೋಡೆಯ ಪಕ್ಕದಲ್ಲಿ ಬಹಳ ಹೊತ್ತು ನಿಂತೆವು. ಗೋಡೆಯೊಳಗೆ ತಾನಾಗಿಯೇ ವಾಸಿಸುವ, ಯಾರೂ ತಂದು ಇರಿಸದ, ಆದರೆ ಹೊರಗೆ ಬರಲಾರದ ಚಿಗರೆಯನ್ನು ಯಾವ ಗುಂಪಿಗೆ ಸೇರಿಸಬೇಕು? ಕುಲ್ಲೂಕಭಟ್ಟನು ಇಂತಹ ನೆಲವನ್ನು ಕಂಡಿರಲಿಲ್ಲ. ಮಗುವಿಗೆ ಏನು ಹೇಳುವುದು? ಒಳಗೆ ಇವೆಯೆಂದು ಗೋಡೆಯನ್ನು ತೋರಿಸಿದರೆ, ಮೈಸೂರಿನಲ್ಲಿ ಕಂದಕವಾದರೂ ಕಾಣಲು ಬಿಡುತ್ತಿತ್ತಲ್ಲ ತಾತ ಎಂದು ಕೇಳದಿರುವಳೇ?

ಆರನೆಯ ದಿನ ಮಳೆಯ ಹನಿ ಬಿದ್ದು ನಿಂತಿತ್ತು. ಗೋಡೆಯಿಲ್ಲದ ಕಡೆ, ನಮ್ಮ ಹಳ್ಳದ ಈಚೆಗೆ, ಜಾಲಿಯ ಮರದ ಹತ್ತಿರ ಒಂದು ಬೋಳು ನೆಲದಲ್ಲಿ ಹಿಕ್ಕೆಯ ಗುಡ್ಡೆ ಕಂಡಿತು. ಆಡುಕುರಿಗಳು ನಡೆಯುತ್ತ ಚೆಲ್ಲಿಕೊಂಡು ಹೋಗುತ್ತವೆ. ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಬಂದು ಗುಡ್ಡೆ ಹಾಕಿ, ಈ ಬಯಲು ನನ್ನದೆಂದು ಸಾರುವುದು ಗಂಡು ಚಿಗರೆಯ ಪದ್ಧತಿ. ಮೇಲಿನ ಹಿಕ್ಕೆಗಳು ಕಪ್ಪಾಗಿ ಹೊಳೆಯುತ್ತಿದ್ದುವು. ಕಡ್ಡಿಯಿಂದ ಮುರಿದು ನೋಡಿದೆವು, ಹಸಿಯಾಗಿತ್ತು. ಅಲ್ಲಿಂದ ಕಿರಿದಾದ ಗೊರಸಿನ ಗುರುತುಗಳು ಹಳ್ಳದ ಕಡೆಗೆ ಹೋಗಿದ್ದುವು. ಅರುವತ್ತು ವರ್ಷದ ಮನುಷ್ಯನು ಹಿಕ್ಕೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕಣ್ಣೊರಸಿಕೊಳ್ಳುತ್ತಿದ್ದುದನ್ನು ಆ ಹೊತ್ತಿನಲ್ಲಿ ಯಾರೂ ನೋಡಲಿಲ್ಲವೆಂಬುದು ಸಮಾಧಾನ.

ಮಧ್ಯಾಹ್ನವೇ ಮೊಮ್ಮಗಳಿಗೆ ಕಾಗದ ಬರೆದೆವು. ದೂರವಾಣಿಯಲ್ಲಿ ಹೇಳಬಹುದಾಗಿತ್ತು, ಆದರೆ ಭಾಷೆಯ ವಿಷಯ ಬರೆಹದಲ್ಲಿರುವುದು ಲೇಸು. ಬೆಳಗ್ಗೆ ಐದು ಗಂಟೆಗೆ ಏಳಬೇಕು, ಮಾತನಾಡಕೂಡದು, ಚಿಗರೆ ಕಂಡರೂ ಕಂಡೀತು, ಕಾಣದೆಯೂ ಇರಬಹುದು, ಬಾ ಎಂದು ಕರೆದರೆ ಬರುವ ಪ್ರಾಣಿಯಲ್ಲ ಅದು, ಹಿಕ್ಕೆಯನ್ನಂತೂ ತಪ್ಪದೆ ತೋರಿಸುವೆವು, ಎಂದು ಬರೆದೆವು. ನಮ್ಮ ಮನೆಯವರು ಲೇಖನಿಯನ್ನು ಕಸಿದುಕೊಂಡು ಅಂಚಿನಲ್ಲಿ, ಕೇಕಿನ ತಟ್ಟೆಯನ್ನು ಮರೆಯದೆ ತರಬೇಕೆಂದೂ, ಇಲ್ಲಿ ವಿದ್ಯುತ್ತಿನ ಒಲೆಯಿಲ್ಲದಿದ್ದರೂ ದಪ್ಪ ಪಾತ್ರೆಯಲ್ಲಿ ಮರಳು ಹಾಕಿ ಕಾಯಿಸಿ ಮೇಲೆ ಕೆಂಡ ಮುಚ್ಚಿ ಬೇಯಿಸುವೆನೆಂದೂ, ಆ ಮುಚ್ಚಳವನ್ನು ಮಾತ್ರ ಯಾರೂ ಮುಟ್ಟಕೂಡದೆಂದೂ ಸೇರಿಸಿದರು. ಮೇಲಿನ ಕೋಣೆಯ ವಿಷಯವಾಗಿ ಮಗಳಿಗೆ ಉತ್ತರ ಬರೆಯಲು ಆ ಕಾಗದದಲ್ಲಿ ಸ್ಥಳವುಳಿಯಲಿಲ್ಲ.